ಬಿಸಿಯೂಟ ಮಾಡಿ ಬರುವ ಮಗುವಿಗೆ ಮನೆಯಲ್ಲಿ ಏನು, ಎಷ್ಟು, ಯಾವಾಗ ಕೊಡಬೇಕು

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ಮಧ್ಯಾಹ್ನದ ಬಿಸಿಯೂಟ ಸಿಗುತ್ತದೆ. 2002ರಲ್ಲಿ ಅಕ್ಷರ ದಾಸೋಹವಾಗಿ ಶುರುವಾದ ಈ ಊಟಕ್ಕೆ 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು, ಆಮೇಲೆ ಮೊಟ್ಟೆ, 2024ರಲ್ಲಿ ರಾಗಿ ಮಾಲ್ಟ್. ಇಷ್ಟೆಲ್ಲ ಸಿಗುವಾಗ ಮನೆಯಲ್ಲಿ ಇನ್ನೇನು ಕೊಡಬೇಕು ಎಂದು ಕೆಲವರು ಕೈಬಿಡುತ್ತಾರೆ. ಶಾಲೆ ಊಟದಲ್ಲಿ ಏನೂ ಇರುವುದಿಲ್ಲ ಎಂದು ಇನ್ನು ಕೆಲವರು ದುಬಾರಿ ಡಬ್ಬದ ಪುಡಿ ತಂದು ಹಾಲಿಗೆ ಕಲಸುತ್ತಾರೆ. ಎರಡೂ ಸರಿಯಲ್ಲ. ಶಾಲೆಯಿಂದ ಏನು ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಮನೆಯ ಪಾಲು ಯಾವುದು ಎಂದು ತಾನೇ ಗೊತ್ತಾಗುತ್ತದೆ.

ಮೊದಲು ಲೆಕ್ಕ

ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ನಿಗದಿಯಾಗಿದೆ. ಇದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆರರಿಂದ ಎಂಟನೇ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಇವೆಲ್ಲ ಬೇಯಿಸುವ ಮುಂಚಿನ ತೂಕ.

ಹಾಲು 150 ಮಿಲಿ. ಅದಕ್ಕೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, ಜೊತೆಗೆ ಸಕ್ಕರೆ. ಸುಮಾರು 130 ಕ್ಯಾಲೊರಿ, ನಾಲ್ಕೂವರೆ ಗ್ರಾಂ ಪ್ರೋಟೀನ್, 160 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಮೊಟ್ಟೆ ಒಂದಕ್ಕೆ 70 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಎರಡಿದ್ದ ಮೊಟ್ಟೆ ಆರಾಯಿತು.

ಈಗ ಮೂರನೇ ತರಗತಿಯ ಎಂಟು ವರ್ಷದ ಮಗುವನ್ನು ತೆಗೆದುಕೊಳ್ಳಿ. ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆಯಂತೆ 7ರಿಂದ 9 ವರ್ಷದವರಿಗೆ ದಿನಕ್ಕೆ 1700 ಕ್ಯಾಲೊರಿ, 23 ಗ್ರಾಂ ಪ್ರೋಟೀನ್, 650 ಮಿಲಿಗ್ರಾಂ ಕ್ಯಾಲ್ಸಿಯಂ, 15 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಹಾಲು, ಊಟ, ಮೊಟ್ಟೆ ಮೂರನ್ನೂ ಪೂರ್ತಿ ತಿಂದ ದಿನ ಶಾಲೆಯಿಂದ 650 ಕ್ಯಾಲೊರಿ, 22 ಗ್ರಾಂ ಪ್ರೋಟೀನ್ ಬಂದಿರುತ್ತದೆ. ಅಂದರೆ ಪ್ರೋಟೀನ್ ಹೆಚ್ಚುಕಡಿಮೆ ಮುಟ್ಟಿತು. ಡಬ್ಬದ ಪುಡಿಗೆ ದುಡ್ಡು ಸುರಿಯುವ ಅಗತ್ಯ ಇಲ್ಲಿಗೇ ಮುಗಿಯಿತು. ಉಳಿದದ್ದು 1050 ಕ್ಯಾಲೊರಿ, ಮುಕ್ಕಾಲು ಪಾಲು ಕ್ಯಾಲ್ಸಿಯಂ, ಕಬ್ಬಿಣಾಂಶದ ಬಹುಪಾಲು, ಸೊಪ್ಪು ಮತ್ತು ಹಣ್ಣು. ಶಾಲೆಯ ಸಾಂಬಾರಿನಲ್ಲಿ ಹಣ್ಣಂತೂ ಇಲ್ಲ, ಸೊಪ್ಪು ಇದ್ದರೂ ಮಗುವಿನ ತಟ್ಟೆಗೆ ನಾಲ್ಕೆಸಳು.

ಮೊಟ್ಟೆ ತಿನ್ನದ ಮಕ್ಕಳ ಲೆಕ್ಕ ಬೇರೆ. ಅವರಿಗೆ ಬದಲಿಗೆ ಕೊಡುವ ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂ ಆಸುಪಾಸು. ಮೊಟ್ಟೆಯಿಂದ ತಪ್ಪಿದ ಐದು ಗ್ರಾಂ ತುಂಬಲು ಮನೆಯಲ್ಲಿ 20 ಗ್ರಾಂ ಶೇಂಗಾ, ಇಲ್ಲವೇ ಹಸಿ ತೂಕದಲ್ಲಿ 20 ಗ್ರಾಂ ಹೆಸರುಕಾಳೋ ಹುರುಳಿಯೋ ದಿನಾ ಹೆಚ್ಚಿಗೆ ಬೀಳಬೇಕು. ಬಿ12 ಜೀವಸತ್ವ ಮಾತ್ರ ಕಾಳಿನಿಂದ ಬರುವುದಿಲ್ಲ. ಆ ಮನೆಗಳಲ್ಲಿ ಮಗುವಿಗೆ ಮೊಸರು, ಮಜ್ಜಿಗೆ ತಪ್ಪಿಸಬೇಡಿ.

ಕಾಗದದ ಲೆಕ್ಕ ತಟ್ಟೆಗೆ ಬಂತೇ?

ಇಷ್ಟು ತಿನ್ನಬೇಕು ಎನ್ನುವುದಕ್ಕೂ ಇಷ್ಟು ತಿಂದಿತು ಎನ್ನುವುದಕ್ಕೂ ನಡುವೆ ಬಹಳ ಸೋರಿ ಹೋಗುತ್ತದೆ. "ಊಟ ಮಾಡಿದೆಯಾ?" ಎಂದು ಕೇಳಿದರೆ ಯಾವ ಮಗುವೂ "ಹೂಂ" ಎನ್ನುತ್ತದೆ. ಹೀಗೆ ಕೇಳಿ: ಇವತ್ತು ಸಾಂಬಾರಿನಲ್ಲಿ ಏನೇನಿತ್ತು? ಎರಡನೇ ಸಲ ಅನ್ನ ಹಾಕಿಸಿಕೊಂಡೆಯಾ? ಮೊಟ್ಟೆಯ ಹಳದಿ ತಿಂದೆಯಾ, ಯಾರಿಗಾದರೂ ಕೊಟ್ಟೆಯಾ? ಹಾಲು ಕುಡಿದೆಯಾ? ನಾಲ್ಕು ದಿನ ಕೇಳಿದರೆ ಚಿತ್ರ ಸಿಗುತ್ತದೆ.

ಸಾಮಾನ್ಯವಾಗಿ ಎಡವಟ್ಟಾಗುವುದು ಮೂರು ಕಡೆ. ದೊಡ್ಡ ಪಾತ್ರೆಯ ಸಾಂಬಾರಿನಲ್ಲಿ ಬೇಳೆ ತಳಕ್ಕೆ ಇಳಿದಿರುತ್ತದೆ. ಕಲಕದೆ ಬಡಿಸಿದರೆ ಸಾಲಿನ ಮುಂದಿರುವ ಚಿಕ್ಕ ಮಕ್ಕಳಿಗೆ ಬರೀ ತಿಳಿ, ಕೊನೆಯಲ್ಲಿ ನಿಂತವರಿಗೆ ಗಟ್ಟಿ. ಶಾಲೆಗೆ ಹೋದಾಗ ಅಡುಗೆಯವರಿಗೆ ಇದೊಂದು ಮಾತನ್ನು ಸಮಾಧಾನದಿಂದ ಹೇಳಿ: ಪ್ರತಿ ಸೌಟಿಗೂ ತಳದಿಂದ ಕಲಕಿ ಹಾಕಲಿ. ಎರಡನೆಯದು, ತರಕಾರಿ ಹೋಳನ್ನು ಆರಿಸಿ ಎಸೆಯುವುದು. ಸೀಮೆಬದನೆ, ಮೂಲಂಗಿ, ಕುಂಬಳ ಮನೆಯಲ್ಲಿ ನೋಡಿಯೇ ಇರದ ಮಗು ಶಾಲೆಯಲ್ಲಿ ಅವನ್ನು ಬಾಯಿಗಿಡುವುದಿಲ್ಲ. ವಾರಕ್ಕೆರಡು ಸಲ ಮನೆಯ ಸಾರಿಗೂ ಅವೇ ತರಕಾರಿ, ಅದೇ ಗಾತ್ರದ ಹೋಳು ಹಾಕಿ. ಮೂರನೆಯದು, ಬೆಳಗಿನ ಹಾಲು. ಖಾಲಿ ಹೊಟ್ಟೆಯಲ್ಲಿ ಬಂದ ಮಗು ಸಿಹಿ ಹಾಲು ಕುಡಿದಾಗ ಹೊಟ್ಟೆ ತೊಳಸಿದಂತಾಗಿ ಮಾರನೇ ದಿನದಿಂದ ಬೇಡ ಎನ್ನುತ್ತದೆ. ಅದಕ್ಕೆ ಮದ್ದು ಮನೆಯ ಬೆಳಗಿನ ತಿಂಡಿ.

ಹೈಸ್ಕೂಲಿನ ಹೆಣ್ಣುಮಕ್ಕಳು ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಲು ನಾಚಿ ಊಟ ಬಿಡುವುದೂ ಉಂಟು. 13ರಿಂದ 15ರ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಎಂಟು ವರ್ಷದವಳಿಗಿಂತ ಎರಡು ಪಟ್ಟು. ಆ ವಯಸ್ಸಿನಲ್ಲಿ ಒಂದು ಹೊತ್ತಿನ ಊಟ ಬಿಡುವುದು ಸಣ್ಣ ಮಾತಲ್ಲ. ಗೆಳತಿಯರ ಗುಂಪು ಒಟ್ಟಿಗೆ ಕೂತು ಉಣ್ಣುವಂತೆ ತರಗತಿಯ ಶಿಕ್ಷಕಿಯ ಹತ್ತಿರ ಮಾತಾಡಿದರೆ ಬಹಳ ಸಲ ಸರಿಹೋಗುತ್ತದೆ.

ಬೆಳಗ್ಗೆ: 350 ಕ್ಯಾಲೊರಿ, ಚಹಾ ಬಿಟ್ಟು

ರಾತ್ರಿ ಎಂಟಕ್ಕೆ ಉಂಡ ಮಗು ಚಹಾ-ಬಿಸ್ಕತ್ತಿನ ಮೇಲೆ ಶಾಲೆಗೆ ಹೋದರೆ ಮರುದಿನ ಮಧ್ಯಾಹ್ನದವರೆಗೆ, ಹದಿನೇಳು ತಾಸು, ಸರಿಯಾದ ಊಟ ಕಂಡಿರುವುದಿಲ್ಲ. ಚಹಾದ ಒಗರು ಕಬ್ಬಿಣಾಂಶವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ ಬೇರೆ. ಮಕ್ಕಳಿಗೆ ಚಹಾ ಬೇಡವೇ ಬೇಡ. ರೂಢಿಯಾಗಿಬಿಟ್ಟಿದ್ದರೆ ಊಟ-ತಿಂಡಿಗೆ ಒಂದು ಗಂಟೆ ದೂರ ಇಡಿ.

ಬೇಗ ಕೂಲಿಗೆ ಹೊರಡುವ ಮನೆಯಲ್ಲಿ ಬೆಳಗ್ಗೆ ಒಲೆ ಮುಂದೆ ನಿಲ್ಲಲು ಸಮಯವಿರುವುದಿಲ್ಲ. ಅಲ್ಲಿಗೆ ಹೊಂದುವ ತಿಂಡಿ ಇವು. ಉತ್ತರದ ಕಡೆ ಒಂದು ಜೋಳದ ರೊಟ್ಟಿ, ಎರಡು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ), ಅರ್ಧ ಬಟ್ಟಲು ಮೊಸರು. ಕಟಕ ರೊಟ್ಟಿಯಾದರೆ ಮಗುವಿಗೆ ಮೊಸರಲ್ಲಿ ಮುರಿದು ನೆನೆಸಿ. ದಕ್ಷಿಣದ ಕಡೆ ರಾತ್ರಿಯ ಮುದ್ದೆ ಮಜ್ಜಿಗೆಯಲ್ಲಿ ಕಿವುಚಿ ಉಪ್ಪು, ಈರುಳ್ಳಿ ಹಾಕಿದ ಅಂಬಲಿ, ಜೊತೆಗೊಂದು ಹಿಡಿ ಹುರಿದ ಕಡಲೆಕಾಯಿ ಬೀಜ. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿಗೆ ಕಾಯಿಚಟ್ನಿ, ಬೇಯಿಸಿದ ಹೆಸರುಕಾಳು; ಬರೀ ಗಂಜಿ-ಉಪ್ಪಿನಕಾಯಿ ಮಾತ್ರ ಸಾಲದು. ಉಪ್ಪಿಟ್ಟು, ಅವಲಕ್ಕಿ ಮಾಡುವವರು ಮಗುವಿನ ಪಾಲಿಗೆ ಎರಡು ಚಮಚ ಶೇಂಗಾ ಹೆಚ್ಚಿಗೆ ಹಾಕಿ, ಇಳಿಸಿದ ಮೇಲೆ ನಿಂಬೆ ಹಿಂಡಿ.

ಇವೆಲ್ಲಕ್ಕಿಂತ ಮೇಲಾದದ್ದು ಮೊಳಕೆ ರಾಗಿ ಹಿಟ್ಟಿನ ಗಂಜಿ. ಸಾದಾ ರಾಗಿ ಹಿಟ್ಟಿನ ಗಂಜಿ ಎರಡು ಚಮಚಕ್ಕೇ ಗಟ್ಟಿಯಾಗುತ್ತದೆ, ಹಾಗಾಗಿ ಒಂದು ಲೋಟದಲ್ಲಿ ನೀರೇ ಹೆಚ್ಚು. ಮೊಳಕೆ ಬರುವಾಗ ರಾಗಿಯ ಗಂಜಿಯಂಶ ಒಡೆಯುತ್ತದೆ. ಅದರ ಹಿಟ್ಟು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ, ಅದೇ ಲೋಟಕ್ಕೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಕಬ್ಬಿಣಾಂಶ, ಕ್ಯಾಲ್ಸಿಯಂ ಹತ್ತದಂತೆ ತಡೆಯುವ ಫೈಟೇಟ್ ಕೂಡ ತಗ್ಗುತ್ತದೆ.

ಮಾಡುವುದು ಹೀಗೆ:

1. ಒಂದು ಕಿಲೋ ರಾಗಿಯನ್ನು ಕಲ್ಲು ಹೋಗುವಂತೆ ಜಾಲಾಡಿಸಿ ತೊಳೆದು ಹತ್ತು-ಹನ್ನೆರಡು ತಾಸು ನೆನೆಸಿ. ನಡುವೆ ಒಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ.
2. ನೀರು ಬಸಿದು ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕಿ. ಬಿಗಿಯಾಗಿ ಕಟ್ಟಿದರೆ ಒಳಗೆ ಕಾವು ಏರಿ ಅಂಟಂಟಾಗುತ್ತದೆ. ಬೇಸಿಗೆಯಲ್ಲಿ ಒಂದು ದಿನ, ಚಳಿಯಲ್ಲಿ ಎರಡು ದಿನ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ.
3. ಮೊಳಕೆ ಅರ್ಧ ಸೆಂಟಿಮೀಟರ್ ಆದಾಗ ಬಿಚ್ಚಿ. ಎಲ್ಲಾದರೂ ಬಿಳಿ-ಹಸಿರು ಬೂಸ್ಟು ಕಂಡರೆ ಆ ಭಾಗ ಮಾತ್ರ ತೆಗೆದು ಉಳಿದದ್ದು ಬಳಸುವಂತಿಲ್ಲ, ಇಡೀ ಗಂಟು ಎಸೆಯಿರಿ.
4. ತೆಳುವಾಗಿ ಹರಡಿ ಎರಡು ದಿನ ಒಣಗಿಸಿ. ಹಲ್ಲಲ್ಲಿ ಕಚ್ಚಿದರೆ ಕಟ್ ಎನ್ನಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಬೇಸಿಗೆಯಲ್ಲಿ ಒಣಗಿಸಿ ಕಾಳಾಗಿಯೇ ಇಟ್ಟುಕೊಳ್ಳಿ.
5. ಅಂಗೈಯಲ್ಲಿ ಉಜ್ಜಿ ಮೊಳಕೆ ಬಾಲ ಉದುರಿಸಿ, ಕೇರಿ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಮಾತ್ರ ಹುರಿಯಿರಿ. ಬಣ್ಣ ಕಪ್ಪಾದರೆ ಕಹಿ.
6. ತಣಿದ ಮೇಲೆ ಬೀಸಿಸಿ, ಒಣ ಸ್ಟೀಲ್ ಡಬ್ಬಿಯಲ್ಲಿಡಿ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಬೀಸಿಸಿ.

ಒಂದು ಮಗುವಿಗೆ ತುಂಬಿದ ಮೂರು ಟೇಬಲ್ ಚಮಚ, ಅಂದಾಜು 30 ಗ್ರಾಂ. ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿವ ನೀರಿಗೆ ಹೊಯ್ದು ಐದು ನಿಮಿಷ ಕೈಬಿಡದೆ ಕಲಕಿ. ಇಳಿಸಿ ಅರ್ಧ ಲೋಟ ಹಾಲು, ಎರಡು ಚಮಚ ಬೆಲ್ಲದ ಪುಡಿ. ಬೆಲ್ಲ ಬೀಳುವ ಮುಂಚೆಯೇ ಕುದಿ ನಿಲ್ಲಿಸಿ, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಒಂದು ಬಾಳೆಹಣ್ಣು ಸೇರಿದರೆ 300 ಕ್ಯಾಲೊರಿ, ಕಡಲೆಕಾಯಿ ಬೀಜ ನಾಲ್ಕು ಬಾಯಾಡಿಸಿದರೆ 350 ಮುಟ್ಟಿತು.

ಚೀಲದಲ್ಲಿ ಒಂದು ಸೀಬೆ

ಮಧ್ಯಾಹ್ನಕ್ಕೆ ಮನೆಯಿಂದ ಅನ್ನ, ಪಲ್ಯ ಕಟ್ಟಬೇಡಿ. ಡಬ್ಬಿ ಒಯ್ದ ಮಗು ಬಿಸಿಯೂಟ ಬಿಡುತ್ತದೆ, ಮೊಟ್ಟೆ-ಬೇಳೆ ಎರಡೂ ತಪ್ಪುತ್ತವೆ. ಕಳಿಸುವುದಾದರೆ ಅರ್ಧ ಸೀಬೆಹಣ್ಣು ಅಥವಾ ಒಂದು ಬೆಟ್ಟದ ನೆಲ್ಲಿಕಾಯಿ ಕಳಿಸಿ. ಬೇಳೆ, ಸೊಪ್ಪು, ಧಾನ್ಯಗಳ ಕಬ್ಬಿಣಾಂಶ ಮೈಗೆ ಹತ್ತುವುದೇ ಕಡಿಮೆ; ಅದೇ ಊಟದ ಜೊತೆ ಸಿ ಜೀವಸತ್ವ ಹೋದರೆ ಹೆಚ್ಚು ಹತ್ತುತ್ತದೆ. ಊಟವಾಗಿ ಎರಡು ತಾಸಿನ ಮೇಲೆ ತಿಂದರೆ ಈ ಲಾಭವಿಲ್ಲ, ಊಟದ ಜೊತೆಗೇ ತಿನ್ನಬೇಕೆಂದು ಮಗುವಿಗೆ ಹೇಳಿಕೊಡಿ. ಇಡೀ ಬರಹದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ.

ಶಾಲೆಯ ಅಕ್ಕಿಯಲ್ಲೂ ಪಡಿತರ ಅಕ್ಕಿಯಲ್ಲೂ ಕಂಡಿರುವ, ಸ್ವಲ್ಪ ಬೇರೆ ಬಣ್ಣದ, ತೊಳೆಯುವಾಗ ತೇಲುವ ಕಾಳುಗಳ ಬಗ್ಗೆ ಊರೂರಲ್ಲಿ ಪ್ಲಾಸ್ಟಿಕ್ ಅಕ್ಕಿ ಎಂಬ ಹೆದರಿಕೆ ಇದೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಕಲಸಿ ಕಾಳಿನ ಆಕಾರಕ್ಕೆ ಒತ್ತಿದ್ದು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿ ಎಸೆದರೆ ಔಷಧಿಯನ್ನೇ ಎಸೆದಂತೆ. ಮನೆಯಲ್ಲಿ ಈ ಅಕ್ಕಿಯನ್ನು ಎರಡು ನೀರಿಗಿಂತ ಹೆಚ್ಚು ತೊಳೆಯಬೇಡಿ, ಗಂಜಿ ಬಸಿಯದೆ ಇಂಗುವಷ್ಟೇ ನೀರಿಟ್ಟು ಮಾಡಿ.

ಸಂಜೆ ನಾಲ್ಕೂವರೆ

ಮಗು ಚೀಲ ಎಸೆದು ಬರುವುದೇ ಹಸಿದು. ಈ ಹೊತ್ತಿಗೆ ಮನೆಯಲ್ಲಿ ತಯಾರಿಲ್ಲದಿದ್ದರೆ ಕೈ ಅಂಗಡಿಯ ಐದು ರೂಪಾಯಿ ಪೊಟ್ಟಣಕ್ಕೇ ಹೋಗುತ್ತದೆ. ಅದರ ಉಪ್ಪು-ಎಣ್ಣೆ ರಾತ್ರಿಯ ಹಸಿವನ್ನೂ ಕೊಲ್ಲುತ್ತದೆ. 250 ಕ್ಯಾಲೊರಿ ಸಾಕು. ಒಂದು ಹಿಡಿ ಹುರಿಗಡಲೆ, ಒಂದು ಹಿಡಿ ಶೇಂಗಾ, ನೆಲ್ಲಿಕಾಯಿ ಗಾತ್ರದ ಬೆಲ್ಲ: ಮಗುವಿನ ಹಿಡಿಯೇ ಅಳತೆ. ಅಥವಾ ಒಂದು ಎಳ್ಳುಂಡೆ, ಒಂದು ಬಾಳೆಹಣ್ಣು. ಒಂದು ಟೇಬಲ್ ಚಮಚ ಎಳ್ಳಿನಲ್ಲೇ ನೂರು ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ. ಎಳ್ಳನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಹೋಗುತ್ತದೆ, ಕುಟ್ಟಿಯೇ ಉಂಡೆ ಕಟ್ಟಿ. ಶೇಂಗಾದಲ್ಲಿ ಕಪ್ಪಾದ, ಸುಕ್ಕುಗಟ್ಟಿದ, ಬಾಯಿಗಿಟ್ಟರೆ ಕಹಿ ಎನ್ನಿಸುವ ಬೀಜ ಕಂಡರೆ ಆರಿಸಿ ಬಿಸಾಡಿ. ಅಂಥ ಬೀಜಕ್ಕೆ ಹಿಡಿದ ಬೂಸ್ಟಿನ ವಿಷ ಹುರಿದರೂ ಹೋಗುವುದಿಲ್ಲ. ಮನೆಯಲ್ಲಿ ಐದರೊಳಗಿನ ತಮ್ಮ-ತಂಗಿ ಇದ್ದರೆ ಅವರಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು.

ಪೇಟೆಯ ಕೆಲವು ಮನೆಗಳಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ಶಾಲೆಯಲ್ಲಿ ಉಂಡದ್ದನ್ನು ಲೆಕ್ಕಕ್ಕಿಡದೆ ನಾಲ್ಕೂವರೆಗೆ ಮತ್ತೊಂದು ತಟ್ಟೆ ಅನ್ನ, ಎಂಟಕ್ಕೆ ಇನ್ನೊಂದು. ಮೈ ಬರುತ್ತದೆ, ರಕ್ತ ಬರುವುದಿಲ್ಲ.

ರಾತ್ರಿ ಅನ್ನದ ಬದಲು

ಮಧ್ಯಾಹ್ನ ಅನ್ನ-ಸಾಂಬಾರ್ ಉಂಡ ಮಗುವಿಗೆ ರಾತ್ರಿಯೂ ಅನ್ನ-ತಿಳಿಸಾರು ಬಡಿಸಿದರೆ ಆ ದಿನದ ಕೊರತೆ ಹಾಗೇ ಉಳಿಯಿತು. ರಾತ್ರಿಗೆ ಮುದ್ದೆಯೋ ರೊಟ್ಟಿಯೋ ಇರಲಿ. 50 ಗ್ರಾಂ ರಾಗಿ ಹಿಟ್ಟಿನ ಚಿಕ್ಕ ಮುದ್ದೆಯಲ್ಲಿ 170 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಶಾಲೆಯ ಹಾಲಿಗಿಂತ ಕಡಿಮೆಯಲ್ಲ. ಜೋಳ ಉಣ್ಣುವ ಕಡೆ ಕ್ಯಾಲ್ಸಿಯಂ ರೊಟ್ಟಿಯಿಂದ ಬಾರದು, ಮೊಸರು ಮತ್ತು ಎಳ್ಳಿನಿಂದ ತುಂಬಿಕೊಳ್ಳಬೇಕು.

ಸೊಪ್ಪಿಗೆ ಬಸ್ಸಾರಿನಷ್ಟು ಒಳ್ಳೆಯ ಅಡುಗೆ ಇನ್ನೊಂದಿಲ್ಲ. ಕಾಳು, ಸೊಪ್ಪು ಬೆಂದ ನೀರಿಗೆ ಇಳಿದ ಸತ್ವವೂ ಸಾರಿಗೇ ಸೇರುತ್ತದೆ. ನಾಲ್ಕು ಜನಕ್ಕೆ ಒಂದು ಲೋಟ ಹೆಸರುಕಾಳು ಅಥವಾ ಅಲಸಂದೆ ನೆನೆಸಿ ಮುಕ್ಕಾಲು ಬೇಯಿಸಿ, ಆಮೇಲೆ ಒಂದು ದೊಡ್ಡ ಕಟ್ಟು ಸೊಪ್ಪು ಹಾಕಿ ಐದಾರು ನಿಮಿಷ. ಸೊಪ್ಪು ಮೊದಲೇ ಬಿದ್ದರೆ ಕಾಳು ಬೇಯುವಷ್ಟರಲ್ಲಿ ಕರಗಿ ಹೋಗುತ್ತದೆ. ಬಸಿದ ನೀರಿಗೆ ಹುರಿದು ರುಬ್ಬಿದ ಖಾರ, ಹುಣಸೆ. ಕಾಳು-ಸೊಪ್ಪಿಗೆ ಎರಡು ಚಮಚ ಎಣ್ಣೆಯ ಬೆಳ್ಳುಳ್ಳಿ ಒಗ್ಗರಣೆ. ಎಣ್ಣೆ ಉಳಿಸಬೇಡಿ: ಸೊಪ್ಪಿನಲ್ಲಿರುವ ಎ ಜೀವಸತ್ವ ಎಣ್ಣೆಯಿಲ್ಲದೆ ಹತ್ತುವುದಿಲ್ಲ. ಮಗುವಿನ ಪಾಲಿಗೆ ಪಲ್ಯ ಒಂದು ಸೌಟು, ಮೇಲೆ ನಿಂಬೆ ನಾಲ್ಕು ಹನಿ. ಖಾರ ಹಾಕುವ ಮುಂಚೆ ಚಿಕ್ಕ ಮಕ್ಕಳ ಪಾಲು ತೆಗೆದಿಟ್ಟರೆ ಜಗಳವಿಲ್ಲ. ಪುಂಡಿ ಪಲ್ಯ ಮಾಡುವ ಕಡೆ ಬೇಳೆ, ಜೋಳದ ನುಚ್ಚು ಕೈಬಿಡದೆ ಹಾಕಿ.

ಪಾಲಕ್ ದುಬಾರಿ, ಅದರ ಕ್ಯಾಲ್ಸಿಯಂ ಮೈಗೆ ಹತ್ತುವುದೂ ಕಡಿಮೆ. ಹಿತ್ತಲ ನುಗ್ಗೆ ಸೊಪ್ಪು ಅದಕ್ಕಿಂತ ಮೇಲು. ಬಾಣಂತಿಗೆ ಮಾತ್ರ ಎಂದು ಬಿಡುವ ಅಭ್ಯಾಸ ಬಿಡಿ. ಮಕ್ಕಳು ಒಲ್ಲೆ ಎನ್ನುವುದು ಅದರ ಕಡ್ಡಿ ಮತ್ತು ಕಹಿಗೆ. ಎಲೆ ಮಾತ್ರ ಬಿಡಿಸಿ, ತೊಳೆದು, ನೆರಳಲ್ಲಿ ಮೂರ್ನಾಲ್ಕು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಬಣ್ಣದ ಜೊತೆ ಸತ್ವವೂ ಹೋಗುತ್ತದೆ. ಎರಡು ಹಿಡಿ ಒಣ ಎಲೆಗೆ ತಲಾ ಎರಡು ಚಮಚ ಉದ್ದಿನಬೇಳೆ, ಕಡಲೆಬೇಳೆ, ಎಳ್ಳು, ನಾಲ್ಕು ಬ್ಯಾಡಗಿ, ಹುಣಸೆ, ಉಪ್ಪು ಹುರಿದು ತರಿಯಾಗಿ ಪುಡಿ ಮಾಡಿ. ರೊಟ್ಟಿಗೂ ಅನ್ನಕ್ಕೂ ಒಂದು ಚಮಚ ತುಪ್ಪ ಅಥವಾ ಎಣ್ಣೆಯ ಜೊತೆ.

ಅಡುಗೆ ಒಂಬತ್ತಕ್ಕೆ ಮುಗಿಯುವ ಮನೆಗಳಲ್ಲಿ ಚಿಕ್ಕ ಮಗು ಎಂಟಕ್ಕೇ ನಿದ್ದೆ ಹೋಗಿರುತ್ತದೆ. ಎಬ್ಬಿಸಿ ನಾಲ್ಕು ತುತ್ತು ತುರುಕಿದರೆ ಅದು ಊಟವಲ್ಲ. ಕಾಳು-ಸೊಪ್ಪು ಸಂಜೆ ಆರಕ್ಕೇ ಬೇಯಲಿಟ್ಟು, ಏಳು-ಏಳೂವರೆಗೆ ಮಗುವಿಗೆ ಮೊದಲು ಬಡಿಸಿಬಿಡಿ.

ಮಾತ್ರೆ, ಜಂತು, ತೂಕ

ವಾರಕ್ಕೊಮ್ಮೆ ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ: ಐದರಿಂದ ಒಂಬತ್ತು ವರ್ಷದವರಿಗೆ ಗುಲಾಬಿ, ಹತ್ತರಿಂದ ಹತ್ತೊಂಬತ್ತರವರಿಗೆ ನೀಲಿ. ಊಟವಾದ ಮೇಲೆ, ಹಾಲು-ಚಹಾದ ಜೊತೆಯಲ್ಲದೆ ನುಂಗಬೇಕು. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ. ಹೊಟ್ಟೆ ತೊಳಸಿತೆಂದು ಮಗು ಜೇಬಿಗೆ ಹಾಕಿಕೊಂಡು ಬಂದರೆ ಮನೆಯಲ್ಲಿ ರಾತ್ರಿ ಊಟದ ಮೇಲೆ ಕೊಡಿ. ಆದರೆ ಹಳೆಯವನ್ನು ಕೂಡಿಟ್ಟು ಒಟ್ಟಿಗೆ ಕೊಡುವುದು ಅಪಾಯ, ಮಾತ್ರೆ ಪುಟ್ಟ ಮಕ್ಕಳ ಕೈಗೆ ಸಿಗಕೂಡದು. ಸಿಕಲ್ ಸೆಲ್, ಥಲಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳ ವಿಷಯ ಶಾಲೆಗೆ ಮೊದಲೇ ತಿಳಿಸಿ, ವೈದ್ಯರನ್ನು ಕೇಳದೆ ಮಾತ್ರೆ ಬೇಡ. ವರ್ಷಕ್ಕೆರಡು ಸಲ ಬರುವ ಜಂತುಹುಳುವಿನ ಅಲ್ಬೆಂಡಜೋಲ್ ಮಾತ್ರೆಯನ್ನು ಜಗಿದು ತಿನ್ನಬೇಕು. ಆ ದಿನ ಮಗು ಶಾಲೆ ತಪ್ಪಿಸಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ.

ಭಾನುವಾರ ಮತ್ತು ರಜೆಯಲ್ಲಿ ಶಾಲೆಯ 650 ಕ್ಯಾಲೊರಿಯೂ ಮನೆಯ ಮೇಲೇ ಬೀಳುತ್ತದೆ. ಬರಗಾಲದ ವರ್ಷಗಳಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಸುವುದುಂಟು. ರಜೆಗೆ ಮುಂಚೆ ಮುಖ್ಯೋಪಾಧ್ಯಾಯರನ್ನು ವಿಚಾರಿಸಿ. ಇಲ್ಲದಿದ್ದರೆ ಮಧ್ಯಾಹ್ನಕ್ಕೆ ಅದೇ ಅಳತೆ ಹಿಡಿಯಿರಿ: 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಕಾಳು, ಒಂದು ಲೋಟ ಹಾಲು. ಮಾವು, ನೇರಳೆ, ಹಲಸು ಬರುವ ಕಾಲವಾದ್ದರಿಂದ ಹಣ್ಣಿಗೆ ತೊಂದರೆಯಿಲ್ಲ. ಹಲಸಿನ ಬೀಜ ಬೇಯಿಸಿ ಸಾರಿಗೆ ಹಾಕಿ.

ಮೂರು ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ, ಬೆಳಗ್ಗೆ, ಚಪ್ಪಲಿ ತೆಗೆಸಿ ತೂಕ ನೋಡಿ ಬರೆದಿಡಿ. ಐದರಿಂದ ಹತ್ತು ವರ್ಷದ ಮಗು ವರ್ಷಕ್ಕೆ ಎರಡು-ಮೂರು ಕಿಲೋ ತೂಕ, ಐದಾರು ಸೆಂಟಿಮೀಟರ್ ಎತ್ತರ ಹೆಚ್ಚಬೇಕು. ಆರು ತಿಂಗಳು ತೂಕ ನಿಂತಲ್ಲೇ ನಿಂತಿದ್ದರೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದ್ದರೆ, ಮಣ್ಣು-ಬಳಪ ತಿನ್ನುತ್ತಿದ್ದರೆ ಅಡುಗೆ ಬದಲಿಸುತ್ತ ಕೂರಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.